ಕೆಂಪು ಪಾಚಿಯ ಹಸಿವು

ಟ್ರೇನರ್ ಮನೆತನದ ಡಿಂಪ್ನಾಳ ಮುದುಕ ಅಪ್ಪ ಸಾಯುವ ಮುಂಚೆ ಇಬ್ಬರು ಮಕ್ಕಳಿಗೆ ಆಸ್ತಿ ಹಂಚಿದ ಕಥೆಯನ್ನು ಡ್ರಮ್‌ಗೋರಿನ ಜನ ಇವತ್ತಿಗೂ ನಗುತ್ತಲೇ ಹೇಳುತ್ತಾರೆ. ಮನೆ, ದನ, ಗುಡ್ಡದ ಮೇಲಿನ ಹುಲ್ಲುಗಾವಲು ಎಲ್ಲವೂ ಮಗ ಫೆಲಿಮನಿಗೆ. ಮಗಳಿಗೆ ಮದುವೆಯಾಗುವ ತನಕ ಇರಲು ಒಂದು ಕೋಣೆ, ಒಲೆಯ ಪಕ್ಕದಲ್ಲಿ ಒಂದು ಕುರ್ಚಿ, ಮತ್ತು ಗುಡ್ಡದ ಬುಡದಲ್ಲಿದ್ದ ಜೌಗು. ಅಂಚಿನಲ್ಲಿ ಸೌದೆಯಂತೆ ಉರಿಯುವ ಕರಿಮಣ್ಣಿನ ಹೆಂಟೆ ಕಡಿದು ಒಣಗಿಸಿ ಒಲೆಗೆ ಹಾಕಿಕೊಳ್ಳಬಹುದು ಎನ್ನುವುದು ಬಿಟ್ಟರೆ ಆ ಜೌಗಿನಿಂದ ಮೂರು ಕಾಸಿನ ಉಪಯೋಗವಿರಲಿಲ್ಲ. ಹಸು ಇಳಿದರೆ ಹೊಟ್ಟೆಯ ತನಕ ಹೂತುಹೋಗುತ್ತಿತ್ತು. ಕುರಿ ಇಳಿದರೆ ಆಮೇಲೆ ಕಾಣಿಸುತ್ತಿರಲಿಲ್ಲ. ಐರ್ಲೆಂಡಿನಲ್ಲಿ ಜೌಗಿಗೇನು ಬರವಿಲ್ಲ, ಮೊನಹನ್ ಸೀಮೆಯಲ್ಲಿ ಅದನ್ನು ಯಾರೂ ಆಸ್ತಿ ಎಂದು ಕರೆಯುವುದೂ ಇಲ್ಲ.

"ಸಮುದ್ರದಂಥ ಆಸ್ತಿ ಸಿಕ್ತು ನೋಡೇ ನಿಂಗೆ," ಎಂದಿದ್ದ ಫೆಲಿಮ್, ವಕೀಲರ ಆಫೀಸಿನಿಂದ ಮನೆಗೆ ಬರುವಾಗ. "ಇನ್ನು ಒಂದು ಹಡಗು ತಗೊಂಡ್ಬಿಟ್ರೆ ರಾಣಿ ನೀನು."

ಡಿಂಪ್ನಾ ಮಾತಿಗೆ ಮಾತು ಕೊಡುವವಳಲ್ಲ, ತೆಗೆದಿಟ್ಟುಕೊಳ್ಳುವವಳು. ಅವಳಿಗೆ ಆಗ ಮೂವತ್ತು ತುಂಬಿರಲಿಲ್ಲ. ಒಬ್ಬ ಲಾರಿ ಡ್ರೈವರ್ ಭಾನುವಾರಗಳಲ್ಲಿ ಪೂಜೆ ಮುಗಿದ ಮೇಲೆ ಚರ್ಚಿನ ಗೇಟಿನ ಹತ್ತಿರ ಅವಳಿಗಾಗಿ ನಿಲ್ಲುತ್ತಿದ್ದ. ಅಪ್ಪನ ಕಾಯಿಲೆ, ಅಪ್ಪ ಹೋದ ಮೇಲೆ ಅಣ್ಣನ ಅಡುಗೆ ಎಂದು ಅವಳು ಮುಂದೂಡುತ್ತ ಹೋದಳು. ಅವನೂ ಎಷ್ಟೆಂದು ನಿಂತಾನು? ಬೇರೆ ಗೇಟು ಹುಡುಕಿಕೊಂಡ.

ಜೌಗಿನ ನಟ್ಟನಡುವೆ ಒಂದು ತಗ್ಗಿತ್ತು. ಯಾವ ಹಳ್ಳದ ನೀರೂ ಅಲ್ಲಿಗೆ ಬರುತ್ತಿರಲಿಲ್ಲ, ಆಕಾಶದಿಂದ ಬಿದ್ದದ್ದಷ್ಟೆ. ಆ ತಗ್ಗಿನ ತುಂಬ ಕೆಂಪು ಪಾಚಿ. ದಾಳಿಂಬೆಯ ಕಾಳಿನ ಕೆಂಪು, ಕೈಯಿಟ್ಟರೆ ಹಾಸಿಗೆ. ಹಿಡಿ ಪಾಚಿ ಕಿತ್ತು ಹಿಂಡಿದರೆ ಒಂದು ಲೋಟ ನೀರು ಬರುತ್ತಿತ್ತು, ಬೇಸಿಗೆಯಲ್ಲೂ. ಅಮ್ಮ ಬದುಕಿದ್ದಾಗ ಕೈ ಕೊಯ್ದುಕೊಂಡರೆ ಇದನ್ನೇ ಇಟ್ಟು ಬಟ್ಟೆ ಸುತ್ತುತ್ತಿದ್ದಳು. ಡಿಂಪ್ನಾ ಅದಕ್ಕೆ ಇನ್ನೊಂದು ಉಪಯೋಗ ಕಂಡುಕೊಂಡಳು. ತಂತಿಯನ್ನು ಬಳೆಯಂತೆ ಬಗ್ಗಿಸಿ, ಸುತ್ತಲೂ ಪಾಚಿಯನ್ನು ದಪ್ಪಗೆ ಕಟ್ಟಿ, ಅದಕ್ಕೆ ಹಾಲಿ ಎಂಬ ಗಿಡದ ಮುಳ್ಳೆಲೆ, ಕೆಂಪು ಹಣ್ಣು ಚುಚ್ಚಿ, ಸಮಾಧಿಗೆ, ಅದರಲ್ಲೂ ಕ್ರಿಸ್ಮಸ್ ಹೊತ್ತಿಗೆ, ಇಡುವ ಪುಷ್ಪಚಕ್ರ ಮಾಡಿದಳು. ಪೇಟೆಯ ಚಕ್ರಗಳು ಕ್ರಿಸ್ಮಸ್ ಮುಗಿಯುವುದರೊಳಗೆ ಎಲೆ ಉದುರಿಸಿ ಬೋಳಾಗುತ್ತಿದ್ದವು. ಡಿಂಪ್ನಾ ಕಟ್ಟಿದ್ದು ಚಳಿಗಾಲ ಕಳೆಯುವ ತನಕ ನೆಟ್ಟ ಗಿಡದ ಹಾಗೆ ಹಸಿಯಾಗಿರುತ್ತಿತ್ತು. ನಾಲ್ಕೈದು ವರ್ಷದಲ್ಲಿ ಡ್ರಮ್‌ಗೋರಿನಲ್ಲಿ ಅವಳ ಚಕ್ರವಿಲ್ಲದ ಸಮಾಧಿ ಎಂದರೆ ದಿಕ್ಕಿಲ್ಲದವನ ಸಮಾಧಿ ಎನ್ನುವಂತಾಯಿತು.

"ನೋಡೇ, ನಾನು ಸತ್ರೆ ನಿನ್ ಕೈಯಿಂದಾನೇ ಆಗ್ಬೇಕು. ಪ್ಲಾಸ್ಟಿಕ್ ಇಟ್ರೋ, ಎದ್ದು ಬಂದು ನಿಮ್ಮೆಲ್ರ ಕಾಲು ಹಿಡಿದು ಎಳೀತೀನಿ," ಎನ್ನುತ್ತಿದ್ದಳು ಬೇಲಿಯಾಚೆಯ ಕನ್ಸೆಪ್ಟಾ ಮುಲಿಗನ್.

ಕೀಳುವುದಕ್ಕೂ ಡಿಂಪ್ನಾಳದು ಒಂದು ಕ್ರಮ. ಅಪ್ಪನ ಹಾಲಿನ ಬಕೆಟ್ಟು ಹಿಡಿದು ಹೋಗಿ, ಮಗುವಿನ ತಲೆ ಸವರಿದ ಹಾಗೆ ಮೇಲುಮೇಲಿನದನ್ನಷ್ಟೇ ಬೆರಳಲ್ಲಿ ಬಿಡಿಸಿಕೊಂಡು, ಈ ವರ್ಷ ಕಿತ್ತ ಜಾಗಕ್ಕೆ ಮುಂದಿನ ವರ್ಷ ಕೈ ಹಾಕದೆ ಬರುತ್ತಿದ್ದಳು. ಗೇಟಿನಲ್ಲಿ ನಿಲ್ಲುತ್ತಿದ್ದ ಲಾರಿ ಡ್ರೈವರ್ ಸತ್ತಾಗ ಅವನ ಹೆಂಡತಿ ಇವಳ ಹತ್ತಿರವೇ ಬಂದಳು. ಡಿಂಪ್ನಾ ಕಟ್ಟಿಕೊಟ್ಟಳು. ಆ ಚಕ್ರದಷ್ಟು ಬಿಗಿಯಾಗಿ ಇನ್ನೊಂದನ್ನು ಅವಳು ಕಟ್ಟಿಲ್ಲ ಎಂದು ಜನ ಆಡಿಕೊಂಡರು. ಆಡಿಕೊಳ್ಳುವವರಿಗೇನು, ಬಾಯಿಗೆ ಬೀಗವೇ?

ಫೆಲಿಮನೂ ಮದುವೆಯಾಗಲಿಲ್ಲ. ಅವನಿಗೆ ಹೆಂಡತಿಗಿಂತ ಊಟ ಮುಖ್ಯ, ಅದು ಹೇಗೂ ಮನೆಯಲ್ಲೇ ಸಿಗುತ್ತಿತ್ತು. ಸೋಡಾ ರೊಟ್ಟಿಯ ಮೇಲೆ ರೊಟ್ಟಿಯಷ್ಟೇ ದಪ್ಪ ಬೆಣ್ಣೆ, ಚಹಾಕ್ಕೆ ಚಮಚ ಮುಳುಗುವಷ್ಟು ಸಕ್ಕರೆ. ಐವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರ್ ಅವನಿಗೆ ಹೇಳದೆ ನೇರವಾಗಿ ಡಿಂಪ್ನಾಳಿಗೇ ಹೇಳಿದರು, "ಇವನ ಬಾಯಿ ಇವನ ಮಾತು ಕೇಳಲ್ಲ. ನೀನೇ ಕಾಯ್ಬೇಕು." ಅಂದಿನಿಂದ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಸಕ್ಕರೆ ಡಬ್ಬಿ ಅವಳ ಕೋಣೆಯ ಟ್ರಂಕಿಗೆ ಹೋಯಿತು, ಬೀಗದ ಕೈ ಕುತ್ತಿಗೆಯ ಶಿಲುಬೆಯ ಜೊತೆ. ಆಲೂಗಡ್ಡೆಯನ್ನು ಎಣಿಸಿ ತಟ್ಟೆಗೆ ಹಾಕುತ್ತಿದ್ದಳು. ಅವನು ಬಯ್ಯುತ್ತಿದ್ದ, ಇವಳು ಬಯ್ಯಿಸಿಕೊಳ್ಳುತ್ತಿದ್ದಳು. ಹದಿನೈದು ವರ್ಷ ಆ ಮನುಷ್ಯನ ಎರಡು ಕಾಲೂ ಎರಡು ಕಣ್ಣೂ ನೆಟ್ಟಗಿದ್ದದ್ದು ಅವಳ ದೆಸೆಯಿಂದ. ಇದನ್ನು ಅವನು ಒಂದು ದಿನವೂ ಒಪ್ಪಿಕೊಂಡವನಲ್ಲ.

ಹಾಲಿನಲ್ಲಿ ಲಾಭವಿಲ್ಲ ಎಂದು ಫೆಲಿಮ್ ದನ ಮಾರಿ ಕೋಳಿಗೆ ಇಳಿದ. ಎರಡು ಉದ್ದುದ್ದ ಶೆಡ್ಡು, ಒಳಗೆ ಸಾವಿರಾರು ಕೋಳಿ. ಶೆಡ್ಡನ್ನು ಸರಿಯಾಗಿ ಜೌಗಿನ ಅಂಚಿಗೇ ಕಟ್ಟಿಸಿ, ಗಾಳಿ ಹೊರದೂಡುವ ದೊಡ್ಡ ಫ್ಯಾನುಗಳ ಮುಖವನ್ನು ಜೌಗಿನ ಕಡೆಗೇ ತಿರುಗಿಸಿದ.

"ಆಚೆ ಕಡೆ ತಿರುಗಿಸಿದ್ರೆ ಮುಲಿಗನ್ ಮನೆಯೋರು ಮೂಗು ಮುಚ್ಕೊಂಡು ದೂರು ಕೊಡ್ತಾರೆ. ಪಾಚಿಗೆ ಮೂಗಿದ್ಯಾ?" ಎಂದ.

ಮೂಗಿರಲಿಲ್ಲ ನಿಜ. ಆದರೆ ಮೊದಲು ಹೋದದ್ದು ಜೌಗಿನ ಅಂಚಿನ ಮುಳ್ಳುಮರಗಳ ಮೈಮೇಲೆ ಮುದುಕರ ಗಡ್ಡದಂತೆ ಜೋತಾಡುತ್ತಿದ್ದ ಬೂದು ಕಲ್ಲುಹೂವು. ಆಮೇಲೆ ಅಂಟು ಹನಿಯಲ್ಲಿ ಹುಳ ಹಿಡಿದು ತಿನ್ನುವ ಸಣ್ಣ ಗಿಡ ಕಾಣೆಯಾಯಿತು. ಶೆಡ್ಡಿಗೆ ಹತ್ತಿರವಿದ್ದ ಪಾಚಿ ಬೆಂದ ಕೋಸಿನ ಬಣ್ಣಕ್ಕೆ ತಿರುಗಿತು, ಅದರ ನಡುವೆ ಒರಟು ಹುಲ್ಲು ಎದ್ದಿತು. ಡಿಂಪ್ನಾ ಪ್ರತಿ ವರ್ಷ ಬಕೆಟ್ಟು ಹಿಡಿದು ಇನ್ನಷ್ಟು ಒಳಗೆ, ಇನ್ನಷ್ಟು ಒಳಗೆ ಹೋಗಬೇಕಾಯಿತು. ಕೊನೆಗೆ ಕೆಂಪು ಎಂದು ಉಳಿದದ್ದು ನಡುವಿನ ತಗ್ಗೊಂದೇ. ಅದರ ಅಂಚಿನಲ್ಲೂ ಅಲ್ಲಲ್ಲಿ ಬಿಳಿಚಿದ ಮಚ್ಚೆ ಕಾಣಿಸಿದ ದಿನ ಅವಳು ಬಕೆಟ್ಟು ಪಕ್ಕಕ್ಕಿಟ್ಟು ಅಲ್ಲೇ ಒದ್ದೆಯಲ್ಲಿ ಮಂಡಿಯೂರಿ ಕುಳಿತಳು. ಜೀವನದಲ್ಲಿ ಅವಳದೆಂದು ಇದ್ದದ್ದು ಅದೊಂದೇ.

ಅದೇ ಚಳಿಗಾಲದ ಕೊನೆಯಲ್ಲಿ ಕೌಂಟಿ ಕಚೇರಿಯಿಂದ ಮಿಸ್ ಗ್ರಿಬೆನ್ ಎಂಬ ಹುಡುಗಿ ರಬ್ಬರ್ ಬೂಟು ಹಾಕಿಕೊಂಡು ಬಂದಳು. ಜೌಗನ್ನೆಲ್ಲ ಸುತ್ತಿ, ತಗ್ಗಿನ ಹತ್ತಿರ ಬಹಳ ಹೊತ್ತು ನಿಂತು, ಗೇಟಿನಲ್ಲಿ ಡಿಂಪ್ನಾಳನ್ನು ಕಂಡಳು.

"ಆ ತಗ್ಗಿನಲ್ಲಿರೋ ಪಾಚಿ ಇನ್ನೂ ಜೀವವಾಗಿದೆ ಮಿಸ್ ಟ್ರೇನರ್. ಆದ್ರೆ ಕಷ್ಟದಲ್ಲಿದೆ."

"ಕಾಯಿಲೇನಾ?"

"ಕಾಯಿಲೆ ಅಲ್ಲ. ಅದಕ್ಕೆ ಬೇರಿಲ್ಲ, ಮಳೇಲಿ ಗಾಳೀಲಿ ಬಂದಿದ್ದನ್ನೆಲ್ಲ ಮೈಯಿಂದಾನೇ ಕುಡಿಯುತ್ತೆ. ಏನೂ ಇಲ್ಲದ ಕಡೆ ಬದುಕೋಕೇ ಹುಟ್ಟಿದ್ದು. ಕೋಳಿ ಹಿಕ್ಕೆಯಿಂದ ಏಳೋ ಅಮೋನಿಯಾ ಇದೆಯಲ್ಲ, ಅದರಲ್ಲಿ ಸಾರಜನಕ ಇರುತ್ತೆ, ಅಂದ್ರೆ ಗೊಬ್ಬರಾನೇ. ಗಾಳಿಯೇ ಇದಕ್ಕೆ ಗೊಬ್ಬರ ಹಾಕ್ತಿದೆ. ಸಾಕು ಅಂತ ಬಾಯಿ ಮುಚ್ಕೊಳ್ಳೋಕೆ ಇದಕ್ಕೆ ಬರಲ್ಲ."

"ಅಂದ್ರೆ ತಿಂದೂ ತಿಂದೂ ಸಾಯ್ತಿದೆ ಅಂತೀರಾ?"

"ಹಾಗೇ ಅನ್ನಿ."

ಡಿಂಪ್ನಾ ನಕ್ಕುಬಿಟ್ಟಳು. ನಗದೆ ಏನು ಮಾಡಿಯಾಳು? ಆಲೂಗಡ್ಡೆ ನೆಲದಲ್ಲೇ ಕೊಳೆತ ವರ್ಷಗಳಲ್ಲಿ ಹುಲ್ಲು ತಿಂದು, ಬಾಯಿಯ ಸುತ್ತ ಹಸಿರು ಮಾಡಿಕೊಂಡು ದಾರಿ ಬದಿಯಲ್ಲಿ ಸತ್ತ ಜನರ ವಂಶ ಅವಳದು. ಹಸಿದು ಸತ್ತವರ ಕಥೆ ಆ ಸೀಮೆಯ ಪ್ರತಿ ಮನೆಯಲ್ಲೂ ಇದೆ. ಉಂಡು ಸತ್ತವರ ಕಥೆಯನ್ನು ಅಲ್ಲಿ ಯಾರೂ ಯಾರಿಗೂ ಹೇಳಿದ್ದಿಲ್ಲ. ಬೆಳೆಯದ ನೆಲಕ್ಕೆ ಗೊಬ್ಬರ ಹಾಕು, ಸೊರಗಿದ ಕರುವಿಗೆ ಹಾಲು ಕುಡಿಸು, ಬಂದವರಿಗೆ ಬೇಡವೆಂದರೂ ತಟ್ಟೆ ತುಂಬು. ಇದಿಷ್ಟೇ ಅವರ ವೇದ. ಮನೆಯಲ್ಲಿ ಸಕ್ಕರೆ ಡಬ್ಬಿಗೆ ಬೀಗ ಹಾಕಿಕೊಂಡಿದ್ದ ಹೆಂಗಸಿಗೆ ಆ ಮಾತು ಅರ್ಥವಾಗಬೇಕಿತ್ತು. ಆಗಲಿಲ್ಲ.

"ನಿಮ್ಮಣ್ಣನ ಶೆಡ್ಡಿನ ವಾಸನೆ ಈ ಕಡೆಗೇ ಬರುತ್ತಲ್ವಾ?" ಎಂದು ಹುಡುಗಿ ಕೇಳಿದಳು.

ಸರ್ಕಾರದವರ ಮುಂದೆ ಮನೆಯವರ ಮೇಲೆ ಬೆರಳು ತೋರಿಸುವುದೇ? ಆ ಸೀಮೆಯಲ್ಲಿ ಹಾಗೆ ಮಾಡಿದವರ ಮನೆಗೆ ಮೂರು ತಲೆಮಾರು ಯಾರೂ ಕಾಲಿಡುವುದಿಲ್ಲ. "ನಮ್ಮಣ್ಣನ ಶೆಡ್ಡಿಂದ ನಂಗೇನೂ ತೊಂದ್ರೆ ಇಲ್ಲ. ದಾರಿ ಜಾರುತ್ತೆ, ಹುಷಾರಾಗಿ ಹೋಗಿ," ಎಂದು ಡಿಂಪ್ನಾ ಗೇಟು ಹಾಕಿಕೊಂಡಳು.

ರಾತ್ರಿಯ ಊಟಕ್ಕೆ ಕುಳಿತಾಗ ಅಣ್ಣನಿಗೆ ಎಲ್ಲ ಹೇಳಿದಳು. ಫೆಲಿಮ್ ಅಗಿಯುವುದನ್ನು ನಿಲ್ಲಿಸಿ ಕೇಳಿದ. ಅವನು ಅಗಿಯುವುದನ್ನು ನಿಲ್ಲಿಸುವುದೇ ಅಪರೂಪ.

"ತಗ್ಗಿನದು ಇನ್ನೂ ಜೀವವಾಗಿದೆ ಅಂದ್ಲಾ?"

"ಅಂದ್ಲು. ತಿನ್ನೋದು ಜಾಸ್ತಿಯಾಗಿ ಸಾಯ್ತಿದೆಯಂತೆ."

ಅವನು ಮೇಜು ಕುಟ್ಟಿ ನಕ್ಕ. "ಓದಿದೋರ ಬುದ್ಧಿ ನೋಡು! ಮೂವತ್ತೈದು ವರ್ಷದಿಂದ ಕೀಳ್ತಾನೇ ಇದೀಯ, ಒಂದು ದಿನ ಅದಕ್ಕೇನಾದ್ರೂ ಹಾಕಿದೀಯಾ? ಕಿತ್ತೂ ಕಿತ್ತೂ ಅದರ ರಕ್ತ ಹೀರಿದ್ದು ನೀನು. ಹಸಿವು ಕಣೇ, ಅಷ್ಟೆ. ತಿನ್ನಿಸು."

ಮಾತು ಬೆಣ್ಣೆಯೊಳಗೆ ಚಾಕು ಹೋದಂತೆ ಇಳಿಯಿತು. ಕಿತ್ತದ್ದು ನಿಜ, ಕೊಟ್ಟದ್ದಿಲ್ಲ. ಅವಳಿಗೆ ಊಟ ಸೇರಲಿಲ್ಲ. ಬೆಳಗಾಗುವುದರೊಳಗೆ ಫೆಲಿಮ್ ತಾನಾಗಿಯೇ ಒಂದು ಟ್ರೈಲರ್ ಕೋಳಿಗೊಬ್ಬರ ತಂದು ಜೌಗಿನ ಗೇಟಿನಲ್ಲಿ ಸುರಿದಿದ್ದ. ತಂಗಿಗೆಂದು ಒಂದು ಬಕೆಟ್ಟು ನೀರು ಎತ್ತಿಕೊಟ್ಟವನಲ್ಲ ಅವನು. ಆ ಟ್ರೈಲರ್ ನೋಡಿದಾಗಲೇ ಅವಳು ಅನುಮಾನಪಡಬೇಕಿತ್ತು. ಪಡಲಿಲ್ಲ, ಬದಲಿಗೆ ಅವಳ ಕಣ್ಣು ತುಂಬಿ ಬಂತು. ಪ್ರೀತಿಗೆ ಬರಗೆಟ್ಟವರು ಹೀಗೇ, ಗೊಬ್ಬರದ ರಾಶಿಯಲ್ಲೂ ಅದನ್ನೇ ಕಾಣುತ್ತಾರೆ.

ಆ ವಸಂತವೆಲ್ಲ ಅವಳು ಗೊಬ್ಬರ ಹೊತ್ತಳು. ಪಾಚಿ ತರುತ್ತಿದ್ದ ಅದೇ ಬಕೆಟ್ಟಿನಲ್ಲಿ ಗೊಬ್ಬರ ತುಂಬಿ, ಮೊಣಕಾಲ ತನಕ ಹೂತುಕೊಂಡು ನಡೆದು, ತಗ್ಗಿನ ಮೇಲೆ ಹಿಡಿಹಿಡಿಯಾಗಿ ಉದುರಿಸುತ್ತಿದ್ದಳು. ಉದುರಿಸುವಾಗ ಮಾತಾಡಿಸುತ್ತಿದ್ದಳಂತೆ. "ತಿನ್ನು ಮಗಾ, ತಿನ್ನು. ಇಷ್ಟು ವರ್ಷ ಉಪವಾಸ ಹಾಕ್ದೆ, ತಪ್ಪಾಯ್ತು."

ಮೇ ತಿಂಗಳಿಗೆ ತಗ್ಗು ಹಸಿರಾಯಿತು. ಎಂಥ ಹಸಿರು ಅಂತೀರಿ! ಕಣ್ಣು ಕುಕ್ಕುವ, ಹೊಸ ಬಣ್ಣ ಬಳಿದಂಥ ಹಸಿರು. ಡಿಂಪ್ನಾ ಕನ್ಸೆಪ್ಟಾಳನ್ನು ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದಳು.

"ಚೆನ್ನಾಗೇನೋ ಇದೆ. ಕೆಂಪು ಎಲ್ಲೇ?" ಎಂದಳು ಕನ್ಸೆಪ್ಟಾ.

"ಮೊದ್ಲು ಮೈ ತುಂಬ್ಕೊಳ್ಳಲಿ. ಆಮೇಲೆ ಕೆಂಪು."

ಮೈ ತುಂಬಿಕೊಂಡದ್ದು ಹಾವಸೆ. ಜುಲೈಯಲ್ಲಿ ಅವಳು ತಗ್ಗಿಗೆ ಕೈ ಹಾಕಿದಾಗ ಹಾಸಿಗೆಯಂತಿದ್ದ ಜಾಗ ಮೊಣಕೈ ತನಕ ಒಳಗೆ ಎಳೆದುಕೊಂಡಿತು. ಮೇಲೆತ್ತಿದರೆ ಬೆರಳ ಸಂದಿಯಲ್ಲಿ ಹಸಿರು ಲೋಳೆ, ಅದರ ಕೆಳಗೆ ಕೊಳೆತು ಕಪ್ಪಾದ ಪಾಚಿಯ ಎಳೆಗಳು, ಕೊಳೆತ ಮೊಟ್ಟೆಯ ನಾತ. ಅವಳು ಇನ್ನೊಂದು ಕಡೆ ಕೈ ಹಾಕಿದಳು. ಮತ್ತೊಂದು ಕಡೆ. ಎಲ್ಲಿ ಹಾಕಿದರೂ ಅದೇ. ಆ ಪಾಚಿ ಅವಳ ಮುತ್ತಜ್ಜಿಯ ಮುತ್ತಜ್ಜಿಗಿಂತ ಹಳೆಯದು. ಬರವನ್ನು ಕಂಡಿತ್ತು, ಹಿಮವನ್ನು ಕಂಡಿತ್ತು, ಏನೂ ಆಗಿರಲಿಲ್ಲ. ಒಂದೇ ಬೇಸಿಗೆಯ ಪ್ರೀತಿಗೆ ಸತ್ತಿತು. ಅತಿಯಾದರೆ ಅಮೃತವೂ ವಿಷ ಎನ್ನುತ್ತಾರಲ್ಲ, ಅದನ್ನು ಹೇಳಲು ಒಬ್ಬ ಹುಡುಗಿ ಬೂಟು ಹಾಕಿಕೊಂಡು ಬಂದಿದ್ದಳು, ಇವಳು ಗೇಟು ಹಾಕಿದ್ದಳು.

ಮಿಸ್ ಗ್ರಿಬೆನ್ ಎರಡನೇ ಸಲ ಬಂದಾಗ ಡಿಂಪ್ನಾ ತಗ್ಗಿನ ದಡದಲ್ಲೇ ಇದ್ದಳು. ಕೈಯಲ್ಲಿ ಬಕೆಟ್ಟು, ಅದರ ತಳದಲ್ಲಿ ಇನ್ನೂ ಒಂದಿಷ್ಟು ಗೊಬ್ಬರ. ಹುಡುಗಿ ತಗ್ಗು ನೋಡಿದಳು, ಬಕೆಟ್ಟು ನೋಡಿದಳು.

"ಇದನ್ನ ಯಾರು ಹಾಕಿದ್ದು?"

"ನಾನೇ. ನನ್ನ ಜೌಗು, ನಾನೇ ಹಾಕ್ದೆ. ಹಸಿದಿದೆ ಅಂದ್ಕೊಂಡೆ."

"ಅಯ್ಯೋ ಮಿಸ್ ಟ್ರೇನರ್!" ಹುಡುಗಿ ಬೂಟಿನ ತುದಿಯಿಂದ ಲೋಳೆಯನ್ನು ಸರಿಸಿ ನೋಡಿದಳು. "ನಿಮ್ಮಣ್ಣ ಮೂರನೇ ಶೆಡ್ಡಿಗೆ ಅರ್ಜಿ ಹಾಕಿದ್ದು ನಿಮಗೆ ಗೊತ್ತಿತ್ತಲ್ವಾ? ಈ ಪಾಚಿ ಜೀವವಾಗಿರೋ ತನಕ ಅನುಮತಿ ಕೊಡೋ ಹಾಗಿಲ್ಲ ಅಂತ ನಾವು ತಡೆದಿದ್ವಿ. ಅವರಿಗೂ ತಿಳಿಸಿದ್ವಿ. ಈಗ ಕಾಪಾಡೋಕೆ ಏನೂ ಉಳಿದಿಲ್ಲ. ಹಾಳು ಮಾಡಿದ್ದು ಶೆಡ್ಡು ಅಂತ ಬರೆಯೋಕೂ ಆಗಲ್ಲ. ನೀವೇ ಹಾಕಿದೀರಿ."

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರೆ. ಇಲ್ಲಿ ಮೇಕೆ ತಾನೇ ಬಾಯಿ ಒಡ್ಡಿ ಒರೆಸಿಕೊಂಡಿತ್ತು.

ಆ ರಾತ್ರಿ ಡಿಂಪ್ನಾ ಹಂದಿಮಾಂಸ, ಕೋಸು ಬಡಿಸಿ, ಎದುರಿಗೆ ನಿಂತು ಕೇಳಿದಳು, "ನಿಂಗೆ ಗೊತ್ತಿತ್ತಾ?"

"ಏನು?"

"ತಿನ್ನಿಸಿದ್ರೆ ಸಾಯುತ್ತೆ ಅಂತ."

ಫೆಲಿಮ್ ಫೋರ್ಕಿನ ತುದಿಯಿಂದ ಹಲ್ಲು ಕೆದಕಿದ. "ಪಾಚಿ ಕಣೇ ಅದು. ಯಾರೋ ಹೆತ್ತ ಮಗು ಸತ್ತ ಹಾಗೆ ಆಡ್ಬೇಡ. ಅಪ್ಪ ನಿಂಗೆ ಅದನ್ನ ಕೊಟ್ಟಿದ್ದು ಯಾಕೆ ಅಂದ್ಕೊಂಡಿದೀಯ? ಹಾಳಾದ್ರೂ ನಷ್ಟ ಇಲ್ಲ ಅಂತ. ನಿನ್ನನ್ನೂ ಅದಕ್ಕೇ ಮನೇಲಿ ಇಟ್ಕೊಂಡಿದ್ದು." ತನ್ನ ಮಾತಿಗೆ ತಾನೇ ನಕ್ಕು, ತಟ್ಟೆ ಮುಂದಕ್ಕೆ ತಳ್ಳಿದ. "ಇನ್ನೊಂದು ಆಲೂಗಡ್ಡೆ ಹಾಕು. ಎಣಿಸ್ಬೇಡ."

ಅವಳು ಎಣಿಸದೆ ಹಾಕಿದಳು.

ಚಳಿಗಾಲಕ್ಕೆ ಮೂರನೇ ಶೆಡ್ಡು ಎದ್ದಿತು. ಅದೇ ಡಿಸೆಂಬರಿನಲ್ಲಿ ಕನ್ಸೆಪ್ಟಾ ಮಲಗಿದಲ್ಲೇ ಹೋದಳು. ಅವಳ ಮಗಳು ಅಳುತ್ತ ಬಾಗಿಲಿಗೆ ಬಂದಾಗ ಡಿಂಪ್ನಾಳ ಹತ್ತಿರ ಬರಿಯ ತಂತಿಯ ಬಳೆಯಿತ್ತು, ಸುತ್ತಲು ಪಾಚಿಯಿರಲಿಲ್ಲ. ಪೆಟ್ರೋಲ್ ಬಂಕಿನ ಅಂಗಡಿಯಿಂದ ಪ್ಲಾಸ್ಟಿಕ್ ಚಕ್ರ ತರಿಸಿ ಇಟ್ಟರು. ಮಳೆಯಲ್ಲಿ ಅದರ ಮೇಲೆ ನೀರು ಟಪಟಪ ಸದ್ದು ಮಾಡುತ್ತಿದ್ದುದು ಪ್ರಾರ್ಥನೆ ಹೇಳುತ್ತಿದ್ದ ಫಾದರ್‌ಗೂ ಕೇಳಿಸಿತು. ಕನ್ಸೆಪ್ಟಾ ಎದ್ದು ಬಂದು ಯಾರ ಕಾಲನ್ನೂ ಎಳೆಯಲಿಲ್ಲ. ಕ್ರಿಸ್ಮಸ್ ಅಲಂಕಾರಕ್ಕೆಂದು ಫೆಲಿಮ್ ಅಂಥದೇ ಇನ್ನೊಂದನ್ನು ತಂದು ತನ್ನ ಮನೆಯ ಬಾಗಿಲಿಗೆ ಮೊಳೆ ಹೊಡೆದ. "ಎಷ್ಟು ಚೆಂದ ನೋಡು. ನೀರೂ ಬೇಡ, ನೀನೂ ಬೇಡ," ಎಂದ.

ಡಿಂಪ್ನಾ ಕೋಣೆಗೆ ಹೋದಳು. ಕುತ್ತಿಗೆಯಿಂದ ಬೀಗದ ಕೈ ತೆಗೆದು ಟ್ರಂಕು ತೆರೆದಳು. ಸಕ್ಕರೆ ಡಬ್ಬಿ ತಂದು ಅವನ ಚಹಾದ ಪಕ್ಕದಲ್ಲಿ ಇಟ್ಟಳು.

ಫೆಲಿಮ್ ಡಬ್ಬಿಯನ್ನೂ ಅವಳನ್ನೂ ನೋಡಿದ. "ಈಗ ಬುದ್ಧಿ ಬಂತು ನಿಂಗೆ," ಎಂದು ಚಮಚ ಅದ್ದಿದ.

ಅಲ್ಲಿಂದ ಆ ಮನೆಯಲ್ಲಿ ದಿನವೂ ಹಬ್ಬ. ಅವಳು ಅವನಿಗೆ ವಿಷ ಹಾಕಲಿಲ್ಲ, ಕೆಟ್ಟದ್ದೊಂದು ತುತ್ತೂ ಬಡಿಸಲಿಲ್ಲ. ಅವನು ಕೇಳಿದ್ದನ್ನೆಲ್ಲ ಮಾಡಿಕೊಟ್ಟಳು, ಕೇಳುವ ಮೊದಲೇ ಇನ್ನಷ್ಟು ಮಾಡಿಟ್ಟಳು. ಬೆಣ್ಣೆ ಹಚ್ಚಿದ ರೊಟ್ಟಿ, ಹಂದಿಕೊಬ್ಬಿನಲ್ಲಿ ಕರಿದ ಆಲೂಗಡ್ಡೆ, ಕೆನೆ ಸುರಿದ, ಸೇಬು ತುಂಬಿ ಬೇಯಿಸಿದ ಸಿಹಿ ಟಾರ್ಟು. ಅವನು ಮೊದಲ ವರ್ಷ ಹೊಳೆದ. ಗಲ್ಲ ತುಂಬಿಕೊಂಡಿತು, ಮುಖದಲ್ಲಿ ಕಳೆ ಬಂತು. ಚರ್ಚಿನಲ್ಲಿ ಹೆಂಗಸರು, "ನಿಮ್ಮಣ್ಣ ಮೈ ತುಂಬ್ಕೊಂಡಿದಾನೆ ಕಣೇ, ಪುಣ್ಯಾತ್ಗಿತ್ತಿ ನೀನು," ಎಂದರು. ಮೈ ತುಂಬಿಕೊಳ್ಳುವುದು ಎಂದರೇನೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ನರ್ಸ್ ಬರುವ ದಿನ ಡಬ್ಬಿ ಮತ್ತೆ ಟ್ರಂಕಿಗೆ ಹೋಗುತ್ತಿತ್ತು. ರಕ್ತ ನೋಡಿ ನರ್ಸ್ ಹೌಹಾರಿದರೆ ಡಿಂಪ್ನಾ ತಲೆ ತಗ್ಗಿಸಿ, "ಕದ್ದು ತಿಂತಾನೆ ಸಿಸ್ಟರ್, ನಾನೆಷ್ಟು ಅಂತ ಕಾಯ್ಲಿ?" ಎನ್ನುತ್ತಿದ್ದಳು. ನರ್ಸ್ ಅವನಿಗೆ ಬಯ್ಯುತ್ತಿದ್ದಳು. ಮೇಕೆಯೂ ಒರೆಸುವುದನ್ನು ಕಲಿತಿತ್ತು.

ಎರಡನೇ ವರ್ಷ ಕಾಲಿನ ಹೆಬ್ಬೆರಳು ಕಪ್ಪಾಗಿ ಹೋಯಿತು. ಅದರ ಹಿಂದೆಯೇ ಪಾದ. ಬಲಗಣ್ಣಿಗೆ ಪರದೆ ಬಿತ್ತು. ಶೆಡ್ಡು ನೋಡಿಕೊಳ್ಳಲು ಆಳು ಬಂದ. ಫೆಲಿಮನನ್ನು ಕಿಟಕಿಯ ಹತ್ತಿರದ ಕುರ್ಚಿಯಲ್ಲಿ, ಜೌಗಿಗೆ ಮುಖ ಮಾಡಿ ಕೂರಿಸುತ್ತಿದ್ದಳು ಡಿಂಪ್ನಾ. ಅವನ ಶೆಡ್ಡುಗಳ ಫ್ಯಾನುಗಳು ಎದುರಿಗೇ ತಿರುಗುತ್ತಿದ್ದವು. ಅವುಗಳಾಚೆ ಒರಟು ಹುಲ್ಲು, ಹಸಿರು ಕೆಸರು. ಕೆಂಪು ಎಂಬುದು ಎಲ್ಲೂ ಇರಲಿಲ್ಲ.

ಕಳೆದ ಭಾನುವಾರ ಪೂಜೆ ಮುಗಿಸಿಕೊಂಡು ಬಂದು ಅವಳು ಟಾರ್ಟು ಬಿಸಿ ಮಾಡಿದಳು. ಕೆನೆ ಸುರಿದು, ತಟ್ಟೆ ಹಿಡಿದು ಅವನ ಪಕ್ಕದಲ್ಲಿ ಸ್ಟೂಲೆಳೆದು ಕುಳಿತಳು. ಅವನ ಕೈ ಈಗ ನಡುಗುತ್ತದೆ, ಅವಳೇ ತಿನ್ನಿಸಬೇಕು.

"ಬೇಡ," ಎಂದ ಫೆಲಿಮ್. ಜೀವಮಾನದಲ್ಲಿ ತಿನ್ನುವ ವಿಷಯಕ್ಕೆ ಅವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. "ಎರಡನೇ ಕಾಲೂ ಜೋಮು ಹಿಡೀತಿದೆ. ನೀನು ಬೇಕೂಂತಲೇ ಮಾಡ್ತಿದೀಯ. ನನ್ನ ಕೊಲ್ತಿದೀಯ, ಡಿಂಪ್ನಾ."

"ತಿನ್ನಿಸೋರು ಎಲ್ಲಾದ್ರೂ ಕೊಲ್ತಾರೇನೋ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಗ್ಗಿನ ದಡದಲ್ಲಿ ಗೊಬ್ಬರ ಉದುರಿಸುವಾಗ ಇದ್ದ ದನಿಯೇ ಅದು. "ಹಸಿವು ಕಣೋ, ಅಷ್ಟೆ. ತಿನ್ನು."

ಅವನು ಮುಖ ತಿರುಗಿಸಿ ಕಿಟಕಿಯ ಕಡೆ ನೋಡಿದ. ಅವಳು ಅವಸರ ಮಾಡಲಿಲ್ಲ. ಬಿಸಿ ಸೇಬಿನ, ಲವಂಗದ, ಬೆಣ್ಣೆಯ ಘಮ ಅವನ ಮೂಗಿನ ಹತ್ತಿರವೇ ಚಮಚದಲ್ಲಿ ನಿಂತಿತ್ತು. ಅವನ ಒಂದು ಕಣ್ಣಿನಿಂದ ನೀರಿಳಿಯಿತು. ಆಮೇಲೆ, ಕಿಟಕಿಯಿಂದ ಕಣ್ಣು ಕೀಳದೆಯೇ, ಬಾಯಿ ತೆರೆದ.